ಚಿಮಣಿಯೊಳಗೆ ಕ್ಯಾಮೆರಾ ಏರಿಸಿದ ಮೇಲೆ

ಅಮೆರಿಕದಲ್ಲಿ ಹಳೆಯ ಮನೆ ಕೊಳ್ಳಲು ಕರಾರು ಮಾಡಿಕೊಂಡವರಿಗೆ, ಆ ಕರಾರಿನಲ್ಲಿ ತಪಾಸಣೆಯ ಷರತ್ತು ಸೇರಿದ್ದರೆ, ಕ್ರಯ ಮುಗಿಯುವ ಮುನ್ನ ಮನೆಯನ್ನು ಪರಿಣತರಿಂದ ನೋಡಿಸಲು ಒಂದಿಷ್ಟು ದಿನಗಳ ಅವಕಾಶ ಸಿಗುತ್ತದೆ. ಅಷ್ಟರೊಳಗೆ ಗಂಭೀರ ದೋಷ ಕಂಡುಬಂದರೆ ಮಾರುವವರಿಂದ ದುರಸ್ತಿ ಕೇಳಬಹುದು, ಬೆಲೆ ತಗ್ಗಿಸಲು ಕೇಳಬಹುದು, ಮುಂಗಡ ಹಣ ಕಳೆದುಕೊಳ್ಳದೆ ಹಿಂದೆ ಸರಿಯಲೂಬಹುದು. ಅವಧಿ ಮೀರಿದ ಮೇಲೆ ಕಂಡ ದೋಷ ಬಹುಮಟ್ಟಿಗೆ ಕೊಂಡವರ ಪಾಲಿಗೇ ಉಳಿಯುತ್ತದೆ. ನಾನೂ ನನ್ನ ಹೆಂಡತಿಯೂ ಕೊಳ್ಳಲು ಒಪ್ಪಿದ್ದು 1950ರ ದಶಕದಲ್ಲಿ ಕಟ್ಟಿದ ಎರಡಂತಸ್ತಿನ ಮನೆ. ಅದರಲ್ಲಿ ಸೌದೆ ಉರಿಸುವ ಇಟ್ಟಿಗೆಯ ಫೈರ್‌ಪ್ಲೇಸ್ ಇತ್ತು. ಮಾರಾಟದ ಜಾಹೀರಾತಿನಲ್ಲಿ ಮೊದಲು ಹಾಕಿದ್ದ ಚಿತ್ರವೂ ಅದರದೇ. ಆ ಫೈರ್‌ಪ್ಲೇಸಿನ ಚಿಮಣಿಯ ತಪಾಸಣೆ ನಮ್ಮ ಇಡೀ ಖರೀದಿಯ ದಿಕ್ಕನ್ನೇ ಬದಲಿಸಿತು. ಅದು ಹೇಗೆ ನಡೆಯಿತು, ಯಾರು ಎಲ್ಲಿಯವರೆಗೆ ನೋಡಿದರು, ಎಂಥ ಸಲಹೆ ಕೊಟ್ಟರು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಥ ಮನೆ ಕೊಳ್ಳುವ ಕನ್ನಡಿಗರು ಈಗ ಕಡಿಮೆಯೇನಿಲ್ಲ, ಆದರೆ ಅಡುಗೆಮನೆ, ಶಾಲೆ, ಸಾಲದ ಬಡ್ಡಿಯ ಬಗ್ಗೆ ನಾವು ಕೇಳಿಕೊಳ್ಳುವಷ್ಟು ಚಿಮಣಿಯ ಬಗ್ಗೆ ಕೇಳಿಕೊಳ್ಳುವುದಿಲ್ಲ.

ನಾವು ಕರೆಸಿದ ಮನೆ ತಪಾಸಕರು, ಅಂದರೆ ಇನ್ಸ್‌ಪೆಕ್ಟರ್, ಮನೆಯೊಳಗೆ ಕಾಲಿಡುವ ಮೊದಲು ರಸ್ತೆಯ ಆಚೆ ಬದಿಯಲ್ಲಿ ನಿಂತು ಬೈನಾಕ್ಯುಲರಿನಲ್ಲಿ ಚಿಮಣಿಯನ್ನು ಬಹಳ ಹೊತ್ತು ನೋಡಿದರು. ಚಿಮಣಿ ನೆಟ್ಟಗಿದೆಯೇ, ಮನೆಯ ಗೋಡೆಯಿಂದ ಬಿಟ್ಟುಕೊಂಡು ವಾಲಿದೆಯೇ ಎಂಬುದು ಹತ್ತಿರ ನಿಂತವರಿಗೆ ತಿಳಿಯುವುದಿಲ್ಲ ಎಂದರು. ಚಿಮಣಿ ವಾಲಲು ಸಾಮಾನ್ಯ ಕಾರಣ ತಳಪಾಯದ ದೋಷ; ಅದನ್ನು ಸರಿಪಡಿಸುವುದು ದೊಡ್ಡ ಕೆಲಸ. ಭೂಕಂಪದ ಸೀಮೆಯಲ್ಲಂತೂ ದುರ್ಬಲವಾದ ಇಟ್ಟಿಗೆ ಚಿಮಣಿ ಪ್ರಾಣಕ್ಕೇ ಎರವಾಗಬಹುದು: 2001ರಲ್ಲಿ ವಾಷಿಂಗ್ಟನ್ ರಾಜ್ಯದ ನಿಸ್ಕ್ವಾಲಿ ಭೂಕಂಪದಲ್ಲೂ, 2014ರಲ್ಲಿ ಕ್ಯಾಲಿಫೋರ್ನಿಯಾದ ನಾಪಾ ಭೂಕಂಪದಲ್ಲೂ ಅನೇಕ ಮನೆಗಳ ಚಿಮಣಿಗಳು ಕುಸಿದು ಬಿದ್ದವು. ನಮ್ಮದು ನೆಟ್ಟಗಿತ್ತು. ಎತ್ತರವೂ ನಿಯಮಕ್ಕೆ ಸರಿಯಾಗಿತ್ತು. ಚಿಮಣಿಯು ಛಾವಣಿಯನ್ನು ತೂರಿ ಹೊರಬರುವಲ್ಲಿಂದ ಕನಿಷ್ಠ 3 ಅಡಿ, ಸುತ್ತಲಿನ 10 ಅಡಿಯೊಳಗೆ ಛಾವಣಿಯ ಯಾವ ಭಾಗವಿದ್ದರೂ ಅದಕ್ಕಿಂತ 2 ಅಡಿ ಮೇಲಿರಬೇಕು. ಇಲ್ಲದಿದ್ದರೆ ಗಾಳಿಯ ಸುಳಿ ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ.

ಏಣಿ ಹಾಕಿ ಛಾವಣಿ ಹತ್ತಿದ ಮೇಲೆ ಅವರ ಮಾತು ಬದಲಾಯಿತು. ಚಿಮಣಿಯ ನೆತ್ತಿಯಲ್ಲಿ ಇಟ್ಟಿಗೆಗಳ ಮೇಲೆ ನೀರು ಬೀಳದಂತೆ ಮುಚ್ಚುವ ಇಳಿಜಾರಾದ ಹಾಸೊಂದು ಇರುತ್ತದೆ. ಅದಕ್ಕೆ ಕ್ರೌನ್ ಎನ್ನುತ್ತಾರೆ. ಅದು ಕಾಂಕ್ರೀಟಿನದಾಗಿರಬೇಕು, ಇಟ್ಟಿಗೆಯ ಅಂಚಿನಿಂದ ಹೊರಗೆ ಚಾಚಿರಬೇಕು. ಇಲ್ಲಿ ಬರಿಯ ಗಾರೆಯನ್ನು ತೆಳುವಾಗಿ ಬಳಿದಿದ್ದರು, ಅದೂ ಅಡ್ಡಡ್ಡ ಬಿರಿದಿತ್ತು. ಬಿರುಕಿನಲ್ಲಿ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ವರ್ಷ ವರ್ಷ ಹೀಗೆ ಹಿಗ್ಗಿ ಕರಗಿ ಇಟ್ಟಿಗೆಯ ಮುಖವನ್ನೇ ಪದರ ಪದರವಾಗಿ ಉದುರಿಸುತ್ತದೆ. ಮೇಲಿನ ಕೆಲವು ಸಾಲುಗಳಲ್ಲಿ ಇಟ್ಟಿಗೆಗಳ ನಡುವಿನ ಗಾರೆ ಬೆರಳು ತಾಗಿಸಿದರೆ ಮರಳಾಗಿ ಉದುರುತ್ತಿತ್ತು, ಹೊರಮೈಯಲ್ಲಿ ಉಪ್ಪಿನ ಬಿಳಿ ಕಲೆಗಳಿದ್ದವು. ಚಿಮಣಿಯ ಅಗಲ 30 ಅಂಗುಲಕ್ಕಿಂತ ಹೆಚ್ಚಿದ್ದು, ಛಾವಣಿಯ ಇಳಿಜಾರಿನ ನಡುವೆ ನಿಂತಿದ್ದರೆ, ಅದರ ಬೆನ್ನಿಗೆ ನೀರನ್ನು ಎರಡು ಬದಿಗೆ ಸರಿಸುವ ಚಿಕ್ಕ ದಿಬ್ಬವೊಂದನ್ನು ಕಟ್ಟಬೇಕೆಂದು ನಿಯಮ ಹೇಳುತ್ತದೆ. ಅದಿರಲಿಲ್ಲ. ಛಾವಣಿಗೂ ಚಿಮಣಿಗೂ ಸೇರುವೆಯಲ್ಲಿ ಇರಬೇಕಾದ ತಗಡಿನ ಮೆಟ್ಟಿಲು ಹೊದಿಕೆಯ ಬದಲು ಡಾಂಬರು ಮೆತ್ತಿದ್ದರು. ಇವೆಲ್ಲ ನೀರಿನ ದೋಷಗಳು, ಹೊರಗಿನಿಂದಲೇ ಕಾಣುವಂಥವು. ಖರ್ಚಿನವು ನಿಜ, ಆದರೆ ಚಿಮಣಿಯ ನಿಜವಾದ ಅಪಾಯ ಇಲ್ಲಿಲ್ಲ ಎಂದು ಅವರು ಆಗಲೇ ಹೇಳಿದರು.

ಅಟ್ಟದಲ್ಲಿ ಅದರ ಮೊದಲ ಕುರುಹು ಕಂಡಿತು. ಮನೆಯೊಳಗಿಂದ ಹಾದುಹೋಗುವ ಇಟ್ಟಿಗೆ ಚಿಮಣಿಗೂ ಸುತ್ತಲಿನ ಮರದ ತೊಲೆಗಳಿಗೂ ನಡುವೆ 2 ಅಂಗುಲ ಬರಿಯ ಗಾಳಿಯ ತೆರಪಿರಬೇಕು. ಈ ಮನೆಯಲ್ಲಿ ಎರಡು ತೊಲೆಗಳ ತುದಿಗಳು ಇಟ್ಟಿಗೆಗೆ ಒತ್ತಿ ಕುಳಿತಿದ್ದವು, ತಾಗಿದ ಕಡೆ ಮರ ಕಂದುಗಪ್ಪಾಗಿತ್ತು. ಮಳೆನೀರಿನ ಕಲೆಯೂ ಅಲ್ಲಿದ್ದುದರಿಂದ ಆ ಬಣ್ಣ ಬರಿಯ ಒದ್ದೆಯದೇ, ಬಿಸಿಯದೇ ಎಂದು ಖಚಿತವಾಗಿ ಹೇಳಲಾರೆ ಎಂದರು. ಆದರೆ ಅವರು ವಿವರಿಸಿದ ಕಾರಣ ನನ್ನ ಮನಸ್ಸಿನಲ್ಲಿ ನಿಂತಿದೆ. ಹೊಸ ಮರ ಹೊತ್ತಿಕೊಳ್ಳಲು ಬಹಳ ಶಾಖ ಬೇಕು. ಅದೇ ಮರಕ್ಕೆ ವರ್ಷಗಟ್ಟಲೆ ಸಾಧಾರಣ ಬಿಸಿ ತಾಗುತ್ತಲೇ ಇದ್ದರೆ ಅದು ಒಳಗೊಳಗೇ ಇದ್ದಿಲಿನ ಸ್ಥಿತಿಗೆ ಹತ್ತಿರವಾಗಿ, ತೀರ ಕಡಿಮೆ ಉಷ್ಣತೆಗೂ ಹೊತ್ತಿಕೊಳ್ಳುವಂತಾಗುತ್ತದೆ. ಐವತ್ತು ವರ್ಷ ಏನೂ ಆಗಿಲ್ಲ ಎಂಬ ಮಾತು ಸಮಾಧಾನಕ್ಕೆ ಆಧಾರವಲ್ಲ, ಆ ಐವತ್ತು ವರ್ಷಗಳ ಬಿಸಿಯೇ ಅಪಾಯವನ್ನು ಹೆಚ್ಚಿಸಿರುತ್ತದೆ.

ಫೈರ್‌ಪ್ಲೇಸಿನ ಮುಂದೆ ಅವರು ಮಂಡಿಯೂರಿ ಕುಳಿತು, ಹೊಗೆದಾರಿಯ ಮುಚ್ಚಳವಾದ ಡ್ಯಾಂಪರ್ ತೆರೆದು, ಟಾರ್ಚ್ ಹಾಯಿಸಿದರು. ಒಲೆಯ ಗೂಡಿನ ಮೇಲೆ ಹೊಗೆ ಕೂಡುವ ಕೋಣೆಯ ಗೋಡೆಗಳು ನಯವಾಗಿ ಗಾರೆ ಬಳಿದಿರಬೇಕು. ಇಲ್ಲಿ ಇಟ್ಟಿಗೆಗಳು ಮೆಟ್ಟಿಲು ಮೆಟ್ಟಿಲಾಗಿ ಹಾಗೆಯೇ ಉಳಿದಿದ್ದವು, ಒಂದೊಂದು ಮೆಟ್ಟಿಲ ಮೇಲೂ ಮಸಿ ಕೂತಿತ್ತು. ಅದಕ್ಕೂ ಮೇಲೆ, ಟಾರ್ಚಿನ ಬೆಳಕು ತಲುಪುವ ಕೊನೆಯಲ್ಲಿ, ಕಪ್ಪು ಮೆರುಗಿನ ಗಾಜಿನಂಥ ಲೇಪವೊಂದು ಹೊಳೆಯುತ್ತಿತ್ತು. ಅಲ್ಲಿಗೆ ಅವರು ಎದ್ದುನಿಂತು ನಮಗೆ ಹೇಳಿದ ಮಾತು ಇದು: “ನನ್ನ ತಪಾಸಣೆ ಇಲ್ಲಿಗೆ ಮುಗಿಯುತ್ತದೆ. ಇಲ್ಲಿಂದ ಮೇಲೆ ಏನಿದೆ ಎಂದು ನಾನು ನೋಡಿಲ್ಲ, ನೋಡಲು ನನ್ನಲ್ಲಿ ಸಾಧನವೂ ಇಲ್ಲ. ಆದರೆ ನಾನು ಕಂಡಷ್ಟು, ಮೇಲಿನದನ್ನು ನೋಡದೆ ನೀವು ಈ ಮನೆ ಕೊಳ್ಳಬಾರದು ಎನ್ನಲು ಸಾಕು.”

ಈ ಮಾತಿನ ಬೆಲೆ ನನಗೆ ಆಮೇಲೆ ಓದಿದಾಗ ಇನ್ನಷ್ಟು ತಿಳಿಯಿತು. ಮನೆ ತಪಾಸಕರ ದೊಡ್ಡ ಸಂಘಗಳಾದ ಆಶಿ ಮತ್ತು ಇಂಟರ್‌ನಾಚಿ ತಮ್ಮ ಸದಸ್ಯರಿಗೆ ಗೊತ್ತುಪಡಿಸಿರುವ ಕೆಲಸದ ನಿಯಮಗಳಲ್ಲಿ ಚಿಮಣಿಯ ಹೊಗೆಕೊಳವೆಯ ಒಳಭಾಗವನ್ನು ನೋಡಲೇಬೇಕೆಂಬ ಕಟ್ಟುಪಾಡಿಲ್ಲ. ಹೊರಗಿನದು, ಡ್ಯಾಂಪರು, ಒಲೆಯ ಗೂಡು, ಮುಂದಿನ ಕಲ್ಲುಹಾಸು ಇಷ್ಟನ್ನು ನೋಡಿ, “ಚಿಮಣಿ: ತೃಪ್ತಿಕರ” ಎಂದು ಬರೆದುಕೊಟ್ಟರೂ ನಿಯಮ ಮೀರಿದಂತಾಗದಿರಬಹುದು. ಕೊಳ್ಳುವವರು ಆ ಸಾಲನ್ನು ಓದಿ ಇಡೀ ಚಿಮಣಿ ಸರಿಯಿದೆ ಎಂದುಕೊಳ್ಳುತ್ತಾರೆ. ತಾನು ನೋಡಿದ್ದೆಷ್ಟು, ನೋಡದೆ ಉಳಿದದ್ದೆಷ್ಟು, ನೋಡದ ಭಾಗವನ್ನು ಏಕೆ ಅನುಮಾನಿಸುತ್ತೇನೆ ಎಂಬ ಮೂರನ್ನೂ ಬಿಡಿಸಿ ಹೇಳುವ ಇನ್ಸ್‌ಪೆಕ್ಟರ್ ಸಿಕ್ಕರೆ ಅವರ ಶುಲ್ಕಕ್ಕೆ ಪೂರ್ತಿ ಬೆಲೆ ಸಿಕ್ಕಂತೆ ಎಂದು ನಾನು ನಂಬುತ್ತೇನೆ.

ನೆಲಮಾಳಿಗೆಯಲ್ಲಿ ಕಂಡದ್ದು ಅದಕ್ಕಿಂತ ತುರ್ತಿನದಾಗಿತ್ತು. ಅದೇ ಚಿಮಣಿಯೊಳಗೆ ಫೈರ್‌ಪ್ಲೇಸಿನ ಕೊಳವೆಯ ಪಕ್ಕದಲ್ಲಿ, ಇಟ್ಟಿಗೆಯ ಅಡ್ಡಗೋಡೆಯ ಆಚೆಗೆ, ಎರಡನೆಯ ಕೊಳವೆಯೊಂದಿತ್ತು. ಮೊದಲು ಮನೆ ಬೆಚ್ಚಗಿಡುವ ಫರ್ನೇಸ್ ಮತ್ತು ಗ್ಯಾಸಿನ ವಾಟರ್ ಹೀಟರ್ ಎರಡರ ಹೊಗೆಯೂ ಅದರಲ್ಲೇ ಹೋಗುತ್ತಿತ್ತು. ಕೆಲವು ವರ್ಷಗಳ ಹಿಂದೆ ಮನೆಯವರು ಹೊಸ ಬಗೆಯ, ಇಂಧನ ಉಳಿಸುವ ಫರ್ನೇಸ್ ಹಾಕಿಸಿದ್ದರು. ಅದರ ಹೊಗೆ ಪಿವಿಸಿ ಕೊಳವೆಯಲ್ಲಿ ಪಕ್ಕದ ಗೋಡೆಯಿಂದ ಹೊರಹೋಗುತ್ತದೆ. ಹೀಗಾಗಿ ಆ ದೊಡ್ಡ ಕೊಳವೆಗೆ ವಾಟರ್ ಹೀಟರ್ ಒಂದೇ ಉಳಿಯಿತು. ಅಷ್ಟು ಸಣ್ಣ ಬಿಸಿಗೆ ಅಷ್ಟು ದೊಡ್ಡ ಇಟ್ಟಿಗೆ ಕೊಳವೆ ಬೆಚ್ಚಗಾಗುವುದೇ ಇಲ್ಲ. ಹೊಗೆಯಲ್ಲಿನ ನೀರಾವಿ ತಣ್ಣನೆಯ ಗೋಡೆಗೆ ತಾಗಿ ಆಮ್ಲ ಬೆರೆತ ನೀರಾಗಿ ಇಳಿಯುತ್ತದೆ, ಗಾರೆಯನ್ನೂ ಕೊಳವೆಯ ಒಳಮೈಯಾದ ಸುಟ್ಟ ಮಣ್ಣಿನ ಲೈನರನ್ನೂ ತಿನ್ನುತ್ತದೆ. ಬುಡದಲ್ಲಿ ಮಸಿ ತೆಗೆಯುವ ಚಿಕ್ಕ ಕಬ್ಬಿಣದ ಬಾಗಿಲನ್ನು ತೆರೆದಾಗ ಲೈನರಿನ ಚೂರುಗಳು ರಾಶಿಯಾಗಿ ಬಿದ್ದಿದ್ದವು, ಹೀಟರಿನ ಕೊಳವೆ ಸೇರುವ ಬಾಯಿಯ ಅರ್ಧದವರೆಗೂ.

ಅವರು ಹೀಟರನ್ನು ಉರಿಸಿ, ಕೆಲವು ನಿಮಿಷ ಬಿಟ್ಟು, ಅದರ ಮೇಲೆ ಹೊಗೆ ಸೇರುವ ತಗಡಿನ ಟೋಪಿಯ ಅಂಚಿಗೆ ಕನ್ನಡಿ ಹಿಡಿದರು. ಕನ್ನಡಿ ಮಬ್ಬಾಯಿತು. ಮೇಲೆ ಹೋಗಬೇಕಾದ ಅನಿಲ ಮನೆಯೊಳಗೆ ಹಿಂದಿರುಗುತ್ತಿತ್ತು. ಆ ಅನಿಲದಲ್ಲಿ ಇಂಗಾಲದ ಮಾನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರಿಗೆ ಎಚ್ಚರವಾಗುವುದೂ ಇಲ್ಲ. ಮಾರುವ ಕುಟುಂಬ ಇನ್ನೂ ಆ ಮನೆಯಲ್ಲೇ ವಾಸವಿತ್ತು.

ತಪಾಸಣೆಯ ವರದಿ ಹಣ ಕೊಟ್ಟವರ ಸ್ವತ್ತು. ಅವರ ಒಪ್ಪಿಗೆಯಿಲ್ಲದೆ ಇನ್ಸ್‌ಪೆಕ್ಟರ್ ಅದನ್ನು ಬೇರೆಯವರಿಗೆ ಹೇಳುವಂತಿಲ್ಲ. ಆದರೆ ಮನೆಯಲ್ಲಿರುವವರ ಜೀವಕ್ಕೆ ಕೂಡಲೇ ಅಪಾಯವಿರುವ ಸಂಗತಿಯನ್ನು ಅವರಿಗೆ ತಿಳಿಸಬಹುದು ಎಂದು ಆಶಿಯ ನೀತಿಸಂಹಿತೆ ಅವಕಾಶ ಕೊಡುತ್ತದೆ. ಅವರು ಅದನ್ನು ನಮಗೆ ವಿವರಿಸಿ, “ನಾನು ಅವರಿಗೆ ಈಗಲೇ ಹೇಳಬೇಕು, ನಿಮ್ಮ ಒಪ್ಪಿಗೆಯೂ ಇದ್ದರೆ ನನಗೆ ಸಮಾಧಾನ” ಎಂದರು. ಮನೆ ಕೊಡಿಸುತ್ತಿದ್ದ ನಮ್ಮ ಏಜೆಂಟ್, ಮಾತುಕತೆಗೆ ಮುಂಚೆ ನಮ್ಮ ಕೈಯಲ್ಲಿರುವುದನ್ನು ಬಿಟ್ಟುಕೊಡುವುದು ಬೇಡವೆಂಬಂತೆ ಏನೋ ಹೇಳಲು ಬಾಯಿ ತೆರೆದರು. ನನ್ನ ಹೆಂಡತಿ ಅವರ ಮಾತು ಮುಗಿಯಲು ಬಿಡದೆ, “ಆ ಮನೆಯಲ್ಲಿ ಮಕ್ಕಳಿದ್ದಾರೆ, ದಯವಿಟ್ಟು ಈಗಲೇ ಹೇಳಿ” ಎಂದಳು. ಇನ್ಸ್‌ಪೆಕ್ಟರ್ ಮಾರುವವರಿಗೆ ಫೋನು ಮಾಡಿ, ಗ್ಯಾಸ್ ಸರಬರಾಜಿನವರನ್ನು ಕರೆಸಿ ಹೀಟರ್ ನಿಲ್ಲಿಸುವಂತೆಯೂ, ಚಿಮಣಿ ಸರಿಯಾಗುವವರೆಗೆ ಅದನ್ನು ಮತ್ತೆ ಉರಿಸದಂತೆಯೂ, ಪ್ರತಿ ಅಂತಸ್ತಿನಲ್ಲೂ ಇಂಗಾಲದ ಮಾನಾಕ್ಸೈಡಿನ ಅಲಾರಂ ಇಡುವಂತೆಯೂ ಹೇಳಿದರು. ಅಂದು ಅವರು ಮಾಡಿದ ಕೆಲಸಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುವುದು ಈ ಒಂದು ಫೋನು ಕರೆಯನ್ನು.

ಮರುದಿನ ಬಂದ ವರದಿಯಲ್ಲಿ ಚಿಮಣಿಯ ಭಾಗ ಬೇರೆಲ್ಲಕ್ಕಿಂತ ಉದ್ದವಾಗಿತ್ತು. ಏಜೆಂಟರ ಅಭಿಪ್ರಾಯದಲ್ಲಿ “ಹೆಚ್ಚಿನ ಪರಿಶೀಲನೆಗೆ ಶಿಫಾರಸು” ಎಂಬುದು ಎಲ್ಲ ವರದಿಗಳಲ್ಲೂ ಬರುವ ಸಾಲು, ಅದಕ್ಕಾಗಿ ಖರೀದಿಯನ್ನು ತಡಮಾಡಬೇಕಿಲ್ಲ. ಆ ಸಾಲು ಎಲ್ಲ ಕಡೆ ಬರುತ್ತದೆಂಬುದು ನಿಜ, ಅದೇ ದೊಡ್ಡ ತೊಂದರೆ. ನಮ್ಮ ಇನ್ಸ್‌ಪೆಕ್ಟರ್ ಹಾಗೆ ಬರೆದು ಕೈತೊಳೆದುಕೊಂಡಿರಲಿಲ್ಲ. ಪ್ರಮಾಣಿತ ಚಿಮಣಿ ತಜ್ಞರಿಂದ ಎರಡನೆಯ ಹಂತದ ತಪಾಸಣೆ ಆಗಬೇಕು, ಅದು ಕರಾರಿನ ಅವಧಿ ಮುಗಿಯುವ ಮುನ್ನವೇ ಆಗಬೇಕು, ಅಲ್ಲಿಯವರೆಗೆ ಫೈರ್‌ಪ್ಲೇಸಿನಲ್ಲಿ ಬೆಂಕಿ ಹಾಕಬಾರದು ಎಂದು ಒಂದೊಂದನ್ನೂ ಕಾರಣಸಹಿತ ಬರೆದಿದ್ದರು.

ಈ ಹಂತಗಳ ಲೆಕ್ಕ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ಪ್ರಕಟಿಸುವ ಎನ್‌ಎಫ್‌ಪಿಎ 211 ಎಂಬ ಮಾನದಂಡದಲ್ಲಿದೆ. ಚಿಮಣಿಯಲ್ಲೂ ಅದಕ್ಕೆ ಜೋಡಿಸಿದ ಒಲೆಯಲ್ಲೂ ಏನೂ ಬದಲಾಗದೆ, ಅದೇ ಮನೆಯವರು ಬಳಸುತ್ತಿದ್ದರೆ ವರ್ಷಕ್ಕೊಮ್ಮೆ ಮಾಡಿಸುವುದು ಮೊದಲನೆಯ ಹಂತ. ಸುಲಭವಾಗಿ ಕೈಗೆಟಕುವಷ್ಟನ್ನು ನೋಡುತ್ತಾರೆ. ಮನೆ ಕೈ ಬದಲಾಗುವಾಗ, ಇಂಧನ ಅಥವಾ ಉಪಕರಣ ಬದಲಾದಾಗ, ಚಿಮಣಿಗೆ ಬೆಂಕಿ ಹತ್ತಿದ್ದರೆ, ಭೂಕಂಪವಾಗಿದ್ದರೆ ಎರಡನೆಯ ಹಂತ ಬೇಕು. ಅದರಲ್ಲಿ ಅಟ್ಟ, ನೆಲಮಾಳಿಗೆಗಳನ್ನು ನೋಡುವುದರ ಜೊತೆಗೆ ಕೊಳವೆಯ ಒಳಗನ್ನು ಕ್ಯಾಮೆರಾದಿಂದಲೋ ಅಂಥ ಬೇರೆ ವಿಧಾನದಿಂದಲೋ ಉದ್ದಕ್ಕೂ ಪರೀಕ್ಷಿಸುತ್ತಾರೆ. ಗೋಡೆ ಅಥವಾ ಚಿಮಣಿಯ ಭಾಗವನ್ನು ಒಡೆದು ನೋಡುವುದು ಮೂರನೆಯ ಹಂತ. ನಮ್ಮ ವಿಷಯದಲ್ಲಿ ಮನೆ ಕೈ ಬದಲಾಗುತ್ತಿದೆ ಎಂಬ ಒಂದೇ ಕಾರಣ ಎರಡನೆಯ ಹಂತಕ್ಕೆ ಸಾಕಿತ್ತು. ಎಲ್ಲ ಹಳೆಯ ಮನೆಗಳ ಖರೀದಿಯಲ್ಲೂ ಸಾಕು.

ಚಿಮಣಿ ತಜ್ಞರು ಉದ್ದನೆಯ ಕೋಲಿನ ತುದಿಗೆ ಕಟ್ಟಿದ ಕ್ಯಾಮೆರಾವನ್ನು ಬುಡದಿಂದ ಮೇಲಕ್ಕೆ ಏರಿಸುತ್ತಾ ಹೋದರು. ನಾವು ಪಕ್ಕದಲ್ಲಿ ನಿಂತು ಪರದೆಯನ್ನು ನೋಡಿದೆವು. ಇಟ್ಟಿಗೆ ಚಿಮಣಿಯ ಒಳಗೆ ಸಾಮಾನ್ಯವಾಗಿ ಸುಮಾರು 2 ಅಡಿ ಉದ್ದದ ಸುಟ್ಟ ಮಣ್ಣಿನ ಲೈನರುಗಳನ್ನು ಒಂದರ ಮೇಲೊಂದು ನಿಲ್ಲಿಸಿ, ಸಂದುಗಳನ್ನು ಬೆಂಕಿ ತಾಳುವ ಗಾರೆಯಿಂದ ಮುಚ್ಚಿರುತ್ತಾರೆ. ಲೈನರೇ ಇಲ್ಲದ ಹಳೆಯ ಚಿಮಣಿಗಳೂ ಇವೆ. 1940ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ ನಡೆಸಿದ ಪ್ರಯೋಗಗಳಲ್ಲಿ, ಲೈನರ್ ಇಲ್ಲದ ಚಿಮಣಿಯ ಇಟ್ಟಿಗೆಯ ಮೂಲಕ ಬಿಸಿ ಎಷ್ಟು ಬೇಗ ಹಾಯುತ್ತದೆಂದರೆ ಸುಮಾರು ಮೂರೂವರೆ ಗಂಟೆಗಳಲ್ಲಿ ಪಕ್ಕದ ಮರಕ್ಕೆ ಬೆಂಕಿ ಹತ್ತಿತು ಎಂದು ದಾಖಲಾಗಿದೆ. ನಮ್ಮ ಚಿಮಣಿಗೆ ಲೈನರ್ ಇತ್ತು, ಆದರೆ ಮೊದಲ ಸಂದಿನಲ್ಲೇ ಗಾರೆ ಇರಲಿಲ್ಲ. ಮೂರನೆಯದರಲ್ಲಿ ಮೇಲಿನ ಲೈನರ್ ಕೆಳಗಿನದರ ಮೇಲೆ ನೇರವಾಗಿ ಕೂರದೆ ಪಕ್ಕಕ್ಕೆ ಸರಿದಿತ್ತು. ಅದಕ್ಕೂ ಮೇಲೆ ಉದ್ದುದ್ದ ಬಿರುಕುಗಳು ಒಂದು ಲೈನರಿನಿಂದ ಇನ್ನೊಂದಕ್ಕೆ ಹಾದುಹೋಗಿದ್ದವು. ಅವುಗಳ ಅಂಚಿನಲ್ಲಿ ಮಸಿಯು ಜೇನುಹುಟ್ಟಿನಂತೆ ಉಬ್ಬಿ ತೂತುತೂತಾಗಿತ್ತು.

ತಜ್ಞರು ಅಲ್ಲಿ ಕ್ಯಾಮೆರಾ ನಿಲ್ಲಿಸಿದರು. ಹಸಿ ಸೌದೆ, ಕಡಿಮೆ ಗಾಳಿ, ತಣ್ಣನೆಯ ಕೊಳವೆ ಇವು ಸೇರಿದರೆ ಹೊಗೆಯಲ್ಲಿನ ಉರಿಯದ ಅಂಶ ಕ್ರಿಯೋಸೋಟ್ ಆಗಿ ಗೋಡೆಗೆ ಕಟ್ಟುತ್ತದೆ. ಮೊದಲು ಅದು ಬ್ರಷ್ಷಿಗೆ ಬಿಡುವ ಪುಡಿ ಮಸಿ, ಆಮೇಲೆ ಗರಿಗರಿಯಾದ ಹಳಕು, ಕೊನೆಗೆ ಗಾಜಿನಂತೆ ಮೆರುಗುವ ಡಾಂಬರು. ಮೂರನೆಯದು ಬ್ರಷ್ಷಿಗೆ ಬಗ್ಗುವುದೇ ಇಲ್ಲ. ಆ ಡಾಂಬರಿಗೆ ಬೆಂಕಿ ಹತ್ತಿದರೆ ಕೊಳವೆಯೊಳಗಿನ ಉಷ್ಣತೆ 1,100 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಹುದು. ಲೈನರ್ ಉದ್ದಕ್ಕೂ ಸೀಳುವುದು, ಉಳಿದ ಕ್ರಿಯೋಸೋಟ್ ಉಬ್ಬುವುದು ಅಂಥ ಬೆಂಕಿಯ ಗುರುತುಗಳು. “ಈ ಚಿಮಣಿಯೊಳಗೆ ಒಮ್ಮೆಯಾದರೂ ಬೆಂಕಿ ಹತ್ತಿದೆ” ಎಂದು ಅವರು ಹೇಳಿದಾಗ ಮಾರುವವರು ನಿಜವಾಗಿಯೂ ದಿಗ್ಭ್ರಮೆಗೊಂಡರು. ಅವರು ಮುಚ್ಚಿಟ್ಟಿದ್ದರೆಂದು ನಾನು ಭಾವಿಸುವುದಿಲ್ಲ. ಸದ್ದು ಮಾಡಿ, ಕಿಡಿ ಹಾರಿಸಿ ಉರಿಯುವ ಚಿಮಣಿ ಬೆಂಕಿಗಳಿರುವಂತೆ, ಗಾಳಿ ಸಾಲದೆ ನಿಧಾನವಾಗಿ ಉರಿದು ಯಾರ ಗಮನಕ್ಕೂ ಬಾರದೆ ಆರುವ ಬೆಂಕಿಗಳೂ ಇವೆ. ಹಾಗೆ ಆರಿದ ಮೇಲೆ ಮುಂದಿನ ಬೆಂಕಿಗೆ ಬಿರುಕುಗಳಲ್ಲಿ ದಾರಿ ತೆರೆದಿರುತ್ತದೆ, ಆ ದಾರಿಯ ಕೊನೆಯಲ್ಲಿ ನಮ್ಮ ಅಟ್ಟದ ಆ ಎರಡು ತೊಲೆಗಳಿದ್ದವು.

ಇಷ್ಟಾದ ಮೇಲೆ ನಾವು ಮೊದಲ ಇನ್ಸ್‌ಪೆಕ್ಟರನ್ನು ಮತ್ತೆ ಸಂಪರ್ಕಿಸಿದೆವು. ಮನೆ ಕೊಳ್ಳಿ ಅಥವಾ ಬಿಡಿ ಎಂದು ಹೇಳುವುದು ತನ್ನ ಕೆಲಸವಲ್ಲ ಎಂದು ಅವರು ಸ್ಪಷ್ಟಪಡಿಸಿದರು, ಅದು ಅವರ ವೃತ್ತಿಯ ನಿಯಮಕ್ಕೂ ಸರಿ. ಆದರೆ ಆ ನಿರ್ಧಾರಕ್ಕೆ ಬೇಕಾದ ಕೆಲವು ಮಾತುಗಳನ್ನು ಹೇಳಿದರು. ದೋಷ ಕಂಡುಹಿಡಿದವರೇ ದುರಸ್ತಿಯನ್ನೂ ಮಾರುವವರಾಗಿದ್ದರೆ ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳಿ, ವಿಡಿಯೋವನ್ನು ಕೇಳಿ ಪಡೆದುಕೊಳ್ಳಿ. ವಿಡಿಯೋ ಇಲ್ಲದ ದೋಷಪಟ್ಟಿಗೆ ಹಣ ಕೊಡಬೇಡಿ. ಮನೆ ತಪಾಸಕರ ಸಂಘವಾದ ಆಶಿಯ ಸದಸ್ಯರು ತಾವು ತಪಾಸಣೆ ಮಾಡಿದ ಮನೆಯಲ್ಲಿ ಒಂದು ವರ್ಷದವರೆಗೆ ಹಣಕ್ಕಾಗಿ ದುರಸ್ತಿ ಮಾಡಬಾರದೆಂಬ ನಿಯಮವಿರುವುದು ಇದೇ ಕಾರಣಕ್ಕೆ. ವಾಟರ್ ಹೀಟರಿನ ಕೊಳವೆಯನ್ನು ಮಾರುವವರೇ ಕೂಡಲೇ ಸರಿಪಡಿಸಲಿ, ಏಕೆಂದರೆ ಅದು ಕಾಯುವ ವಿಷಯವಲ್ಲ. ಫೈರ್‌ಪ್ಲೇಸಿನ ಚಿಮಣಿಗೆ ಮಾತ್ರ ದುರಸ್ತಿಯ ಬದಲು ಬೆಲೆಯಲ್ಲಿ ಕಡಿತ ಕೇಳಿ, ಕೆಲಸವನ್ನು ನೀವೇ ಮಾಡಿಸಿ. ಮನೆ ಬಿಟ್ಟು ಹೋಗುವವರಿಗೆ ಅಗ್ಗದ ದುರಸ್ತಿ ಹುಡುಕುವ ಕಾರಣವಿರುತ್ತದೆ, ಒಳ್ಳೆಯದನ್ನು ಹುಡುಕುವ ಕಾರಣವಿರುವುದಿಲ್ಲ.

ಎರಡನೆಯ ಅಭಿಪ್ರಾಯ ದೋಷಗಳ ವಿಷಯದಲ್ಲಿ ಮೊದಲನೆಯದನ್ನೇ ಒಪ್ಪಿತು, ಪರಿಹಾರದಲ್ಲಿ ಬೇರೆಯಾಯಿತು. ಮೊದಲಿನವರು ಹಳೆಯ ಲೈನರಿನೊಳಗೆ ತೂರುವಷ್ಟು ಸಣ್ಣ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯನ್ನು ಇಳಿಸುವುದಾಗಿ ಹೇಳಿದ್ದರು. ಎರಡನೆಯವರು ಟೇಪು ಹಿಡಿದು ಫೈರ್‌ಪ್ಲೇಸಿನ ಬಾಯಿಯನ್ನು ಅಳೆದರು. ಕೊಳವೆಯ ವಿಸ್ತೀರ್ಣವು ಬಾಯಿಯ ವಿಸ್ತೀರ್ಣದ ಸುಮಾರು ಹತ್ತನೆಯ ಒಂದು ಭಾಗವಾದರೂ ಇರಬೇಕು, ಇಲ್ಲದಿದ್ದರೆ ಹೊಗೆ ಕೋಣೆಗೆ ತುಂಬುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. ಆದ್ದರಿಂದ ಒಡೆದ ಮಣ್ಣಿನ ಲೈನರುಗಳನ್ನು ಪೂರ್ತಿ ಕಿತ್ತು, ಅಳತೆಗೆ ಸರಿಯಾದ ಕೊಳವೆಯನ್ನು ಶಾಖನಿರೋಧಕ ಹೊದಿಕೆಯೊಂದಿಗೆ ಇಳಿಸುವುದು ಅವರ ಯೋಜನೆ. ಹೊದಿಕೆ ಇಲ್ಲಿ ಬರಿಯ ಹೆಚ್ಚುವರಿಯಲ್ಲ. ಚಿಮಣಿ ಲೈನರುಗಳಿಗಾಗಿಯೇ ಇರುವ ಯುಎಲ್ 1777 ಎಂಬ ಸುರಕ್ಷತಾ ಮಾನದಂಡದಂತೆ ಪರೀಕ್ಷೆಯಾದ ಲೈನರನ್ನು ಅದಕ್ಕೆ ಗೊತ್ತುಪಡಿಸಿದ ಹೊದಿಕೆಯೊಂದಿಗೆ ಹಾಕಿದರೆ, ಚಿಮಣಿಯ ಹೊರಮೈಗೆ ಮರ ತಾಗಿರುವ ಕಡೆಯೂ ಬಿಸಿ ಅಪಾಯದ ಮಟ್ಟಕ್ಕೆ ಏರದು. ಹೀಗೆ ಅಟ್ಟದ ತೊಲೆಗಳ ಸಮಸ್ಯೆಗೂ ಉತ್ತರ ಸಿಕ್ಕಿತು.

ಮಾರುವವರು ಹೀಟರಿಗೆ ಅಳತೆಯ ಲೋಹದ ಲೈನರ್ ಹಾಕಿಸಿ, ಉಳಿದುದಕ್ಕೆ ಬೆಲೆಯಲ್ಲಿ ಕಡಿತ ಒಪ್ಪಿದರು. ಅನೇಕ ರಾಜ್ಯಗಳಲ್ಲಿ, ಗೊತ್ತಾದ ಗಂಭೀರ ದೋಷವನ್ನು ಮುಂದಿನ ಗಿರಾಕಿಗೂ ತಿಳಿಸಲೇಬೇಕಾದ್ದರಿಂದ, ನಮ್ಮನ್ನು ಕಳೆದುಕೊಂಡರೂ ಆ ದೋಷ ಅವರನ್ನು ಬಿಡುತ್ತಿರಲಿಲ್ಲ. ಮಾತುಕತೆ ಹಿತವಾಗಿಯೇ ಮುಗಿಯಿತು.

ಮನೆ ನಮ್ಮದಾದ ಮೇಲೆ ಪರವಾನಗಿ ಪಡೆದು ಕೆಲಸ ಮಾಡಿಸಿದೆವು: ಹೊಸ ಲೈನರ್, ಹೊಗೆಕೋಣೆಗೆ ನಯವಾದ ಗಾರೆ, ಮೇಲಿನ ಸಾಲುಗಳ ಇಟ್ಟಿಗೆ ಕಿತ್ತು ಹೊಸದು, ಕಾಂಕ್ರೀಟಿನ ಕ್ರೌನ್, ಬೆನ್ನಿನ ದಿಬ್ಬ, ತಗಡಿನ ಹೊದಿಕೆ, ಕಿಡಿ ತಡೆಯುವ ಜಾಲರಿಯ ಟೋಪಿ. ಹಣದ ಕೊನೆಯ ಕಂತು ಕೊಡುವ ಮುನ್ನ ಮತ್ತೊಮ್ಮೆ ಕ್ಯಾಮೆರಾ ಏರಿಸಬೇಕೆಂದು ಒಪ್ಪಂದದಲ್ಲೇ ಬರೆಸಿದ್ದೆವು, ಅದನ್ನೂ ಏರಿಸಿ ನೋಡಿದೆವು. ಹೀಟರಿನ ಅಂಚಿಗೆ ಹಿಡಿದ ಕನ್ನಡಿ ಈಗ ಮಬ್ಬಾಗುವುದಿಲ್ಲ. ಸೌದೆಯ ತೇವ ಶೇಕಡ 20ಕ್ಕಿಂತ ಕಡಿಮೆಯಿದೆಯೇ ಎಂದು ಚಿಕ್ಕ ಮೀಟರಿನಿಂದ ನೋಡಿಯೇ ಒಲೆಗೆ ಹಾಕುತ್ತೇವೆ, ವರ್ಷಕ್ಕೊಮ್ಮೆ ಮೊದಲ ಹಂತದ ತಪಾಸಣೆ ಮಾಡಿಸುತ್ತೇವೆ. ಎರಡೂ ವಿಡಿಯೋಗಳನ್ನು, ಲೈನರಿನ ಪ್ರಮಾಣಪತ್ರವನ್ನು, ಪರವಾನಗಿಯ ಪ್ರತಿಯನ್ನು ಒಂದೇ ಕಡತದಲ್ಲಿ ಇಟ್ಟಿದ್ದೇವೆ. ಮುಂದೆ ಈ ಮನೆ ಕೊಳ್ಳಲು ಬರುವವರ ಇನ್ಸ್‌ಪೆಕ್ಟರ್ ಡ್ಯಾಂಪರಿನ ಮೇಲೆ ಏನಿದೆ ಎಂದು ಕೇಳಿದಾಗ ಅವರ ಕೈಗೆ ಕೊಡಲು ಅದು ಬೇಕಾಗುತ್ತದೆ.